ಹೂಮಾಲೆಯ ಕೆಳಗಿನ ಕೆಂಪು ಗುಂಡಿ

ಕರೆಂಟು ಹೋದರೆ ನಾವು ನೀವು ಬೀಸಣಿಗೆ ಹಿಡಿದು ಕೂರುತ್ತೇವೆ. ಹೊಂಡದಲ್ಲಿರುವ ಸೀಗಡಿ ಏನು ಹಿಡಿದು ಕೂತೀತು? ನೀರು ಚಿಮ್ಮುವ ಏರೇಟರ್ ಚಕ್ರಗಳು ನಿಂತರೆ ಅದಕ್ಕೆ ಉಸಿರಿಲ್ಲ. ಮೋಡ ಮುಚ್ಚಿದ ದಿನವಾದರಂತೂ ಒಂದು ಗಂಟೆ ತಡೆದರೆ ಅದೇ ಹೆಚ್ಚು.

ಆಂಧ್ರದ ಭೀಮವರಂ ಕಡೆಯ ಚಿನಲಂಕ ಎಂಬ ಊರಿನ ಮಾಣಿಕ್ಯಾಲರಾವು ಇದನ್ನು ಚೆನ್ನಾಗಿ ಬಲ್ಲವನೇ. ಅದಕ್ಕೇ ಹೊಂಡದ ಬದುವಿನ ಮೇಲೆ ಶೆಡ್ಡು ಕಟ್ಟಿಸಿ ಡೀಸೆಲ್ ಜನರೇಟರ್ ಇಟ್ಟಿದ್ದ. ಕರೆಂಟು ಹೋಗಿ ಹತ್ತು ಎಣಿಸುವುದರೊಳಗೆ ತಾನೇ ಎದ್ದು ಗುಡುಗುವ ಯಂತ್ರ. ಅದರ ಕಂಟ್ರೋಲ್ ಪ್ಯಾನೆಲ್ ಎಂದರೆ ಅವನಿಗೆ ದೇವರ ಗೂಡು. ಮುಂದೆ ನಿಂತು ಕೈ ಮುಗಿಯುತ್ತಿದ್ದನೇ ಹೊರತು, ಯಾವ ಗುಂಡಿ ಯಾತಕ್ಕೆ ಎಂದು ಕೇಳಿದವನಲ್ಲ. ಅದೆಲ್ಲ ಆಪರೇಟರ್ ಸುಬ್ರಾಯುಡು ಪಾಲಿನ ಕೆಲಸ. ಆ ಸುಬ್ರಾಯುಡುಗೆ ಈ ವರ್ಷ ಮದುವೆಯಾಗಿತ್ತು. ಹೊಸ ಅಳಿಯ ದಸರೆಗೆ ಮಾವನ ಮನೆಗೆ ಹೋಗದೆ ಇರುತ್ತಾನೆಯೇ? ಹೋದ.

ಆಯುಧಪೂಜೆಯ ದಿನ ಮಾಣಿಕ್ಯಾಲರಾವು, ಅವನ ಹೆಂಡತಿ ಚಿಟ್ಟೆಮ್ಮ ಸೇರಿ ಯಂತ್ರಕ್ಕೆ ಭರ್ಜರಿ ಪೂಜೆ ಮಾಡಿದರು. ಇಂಜಿನ್ನಿಗೆ ಅರಿಶಿನ ಕುಂಕುಮ, ಪ್ಯಾನೆಲ್ಲಿನ ಒಂದೊಂದು ದೀಪಕ್ಕೂ ಒಂದೊಂದು ಬೊಟ್ಟು, ಮೇಲೆ ಮೊಳದುದ್ದದ ಚೆಂಡುಹೂವಿನ ಮಾಲೆ. ಎರಡು ದಿನ ಕರೆಂಟು ಕದಲಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಆಕಾಶವೆಲ್ಲ ಮೋಡ ಕವಿದಿದ್ದಾಗ, ಫಕ್ಕನೆ ಹೋಯಿತು.

ಚಕ್ರಗಳು ನಿಂತವು. ಮಾಣಿಕ್ಯಾಲರಾವು ಹತ್ತು ಎಣಿಸಿದ. ಐವತ್ತು ಎಣಿಸಿದ. ಜನರೇಟರ್ ಉಸಿರೆತ್ತಲಿಲ್ಲ. ಇನ್ನೆಂಟು ದಿನಕ್ಕೆ ಬಲೆ ಬೀಳಬೇಕಿದ್ದ, ಮೂರು ತಿಂಗಳು ಮಗುವಿನಂತೆ ಸಾಕಿದ ಸೀಗಡಿ ಅದು. ಅವನು ತಕ್ಷಣ ಸುಬ್ರಾಯುಡುಗೆ ಫೋನ್ ಮಾಡಿದ. ಅಳಿಯ ದೇವರು ಮಾವನ ಮನೆಯವರ ಜೊತೆ ಸಿನಿಮಾದಲ್ಲಿದ್ದರು. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

"ಪೂಜೇಲಿ ಏನೋ ಲೋಪ ಆಗಿದೆ ಕಣೇ. ಇನ್ನೊಂದು ತೆಂಗಿನಕಾಯಿ ತಾ!" ಎಂದ.

"ತೆಂಗಿನಕಾಯಿ ಆಮೇಲೆ. ಪಕ್ಕದ ಹೊಂಡದ ನೂಕರತ್ನಂನ ಕರೀತೀನಿ. ಅವಳ ಜನರೇಟರ್ ಆಗ್ಲೇ ಗುಡುಗ್ತಾ ಇದೆ, ಕೇಳಿಸ್ತಿಲ್ವಾ?"

"ಅವಳಾ? ಅವಳೇನು ಇಂಜಿನಿಯರ್ ಓದಿದ್ದಾಳಾ? ಕೈ ಇಟ್ಟು ಇರೋದನ್ನೂ ಸುಟ್ಟಾಳು!"

"ಇರೋದು ಈಗೇನು ಹಾಡ್ತಾ ಇದೆಯಾ?" ಎಂದವಳೇ ಚಿಟ್ಟೆಮ್ಮ ಬದುವಿನ ಮೇಲೆ ಓಡಿದಳು.

ನೂಕರತ್ನಂ ಓದಿದ್ದು ಏಳನೆಯ ಕ್ಲಾಸು. ಆದರೆ ಅವಳ ಶೆಡ್ಡಿಗೆ ಮೆಕ್ಯಾನಿಕ್ ಬಂದಾಗಲೆಲ್ಲ ಪಕ್ಕದಲ್ಲೇ ಕೂತು, ಒಂದೊಂದು ಗುಂಡಿಯ ಕೆಲಸವನ್ನೂ ಬಾಯಿ ಬಿಡಿಸದೆ ಅವನಿಗೆ ಟೀ ಕೊಡುತ್ತಿರಲಿಲ್ಲ. ಆ ಗಟ್ಟಿಗಿತ್ತಿ ಸೆರಗು ಸಿಕ್ಕಿಸಿಕೊಂಡು ಬಂದು ಪ್ಯಾನೆಲ್ಲಿನ ಮುಂದೆ ನಿಂತಳು. ನೋಡಿದವಳೇ ಹಣೆ ಬಡಿದುಕೊಂಡಳು.

"ಅಯ್ಯೋ ಭಾವ! ಏನಾಗಿದೆ ಅಂತ ಹೇಳೋ ದೀಪಕ್ಕೇ ಅರಿಶಿನ ಮೆತ್ತಿದ್ದೀರಲ್ಲ!"

ಒರೆಸಿದಳು. ಅಡಿಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಮಾಲೆ ಎತ್ತಿದಳು. ಅಣಬೆಯಂಥ ದಪ್ಪ ಕೆಂಪು ಗುಂಡಿ ಒಳಕ್ಕೆ ಕಚ್ಚಿಕೊಂಡು ಕೂತಿತ್ತು.

"ಎಮರ್ಜೆನ್ಸಿ ಸ್ಟಾಪ್. ಒತ್ತಿದ್ದು ಯಾರು?"

ಮಾಣಿಕ್ಯಾಲರಾವು ತಲೆ ಕೆರೆದುಕೊಂಡ. "ನಾನೇ ಕಣಮ್ಮಾ. ಅಪಾಯ ಅಂದ್ರೆ ಇದನ್ನ ಒತ್ತಿ ಅಂತ ಸುಬ್ರಾಯುಡು ಅದೊಂದು ಹೇಳ್ಕೊಟ್ಟಿದ್ದ. ಚಿಟ್ಟೆಮ್ಮ ಇಂಜಿನ್ ಫ್ಯಾನಿನ ಹತ್ರ ಬೊಟ್ಟು ಇಡ್ತಿದ್ಲು. ಇದು ತಟ್ಟನೆ ಎದ್ದುಬಿಟ್ರೆ ಅವಳ ಸೆರಗಿನ ಗತಿ ಏನು ಅಂತ ಒತ್ತಿದೆ. ಒತ್ತಿದ್ದೇ ತಡ, ಪ್ಯಾನೆಲ್ಲು ಕೀಂಯ್ ಅಂತ ಬಾಯಿ ಬಡ್ಕೊಳ್ಳೋಕೆ ಶುರು ಮಾಡ್ತು. ಪೂಜೆ ಹೊತ್ತಲ್ಲಿ ಇದೇನು ರಾಗ ಅಂತ ಪಕ್ಕದ್ದು ಒತ್ತಿ ಅದರ ಬಾಯಿನೂ ಮುಚ್ಚಿಸ್ದೆ."

"ಒತ್ತಿದ್ದು ಬಂಗಾರದಂಥ ಕೆಲಸ, ಭಾವ. ಅತ್ತಿಗೆ ಕೈ ಉಳೀತು. ಆದ್ರೆ ಅದನ್ನ ಬಿಡಿಸೋವರೆಗೂ ಇಂಜಿನ್ ಏಳಲ್ಲ. ತಲೆಕೆಳಗಾಗಿ ನಿಂತ್ರೂ ಏಳಲ್ಲ."

ಅಷ್ಟರಲ್ಲಿ ಹೊಂಡದ ಕಡೆಯಿಂದ ಚಿಟ್ಟೆಮ್ಮ ಕಿರುಚಿದಳು. "ಏನ್ರೀ! ಸೀಗಡಿ ಮೇಲಕ್ಕೆ ಬರ್ತಾ ಇದೆ! ದಡದ ಹತ್ರ ಮುತ್ಕೊಳ್ತಾ ಇದೆ!"

"ಒತ್ತಮ್ಮಾ, ಬೇಗ ಒತ್ತು!" ಎಂದು ಮಾಣಿಕ್ಯಾಲರಾವು ಗೋಗರೆದ.

ನೂಕರತ್ನಂ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. "ನಾನು ಹೇಳ್ತೀನಿ, ನೀವು ಒತ್ತಿ. ನಾಳೆ ನಾನು ಊರಲ್ಲಿ ಇಲ್ದೇ ಇದ್ರೆ? ಮೊದಲು ಇಂಜಿನ್ ಸುತ್ತ ನೋಡಿ, ಯಾರಾದ್ರೂ ಇದ್ದಾರಾ? ಇಲ್ಲ ತಾನೆ? ಈಗ ಕೆಂಪನ್ನ ಹಿಡಿದು ಬಾಣದ ಗುರುತಿನ ಕಡೆ ತಿರುಗಿಸಿ."

ತಿರುಗಿಸಿದ. ಗುಂಡಿ ಟಕ್ಕೆಂದು ಹೊರಗೆ ಹಾರಿತು. ಅವನ ಎದೆಯೂ ಹಾರಿತು.

"ರೀಸೆಟ್ ಒತ್ತಿ. ಕೆಂಪು ದೀಪ ಆರಿತಾ? ಏರೇಟರ್ ಸ್ವಿಚ್ಚೆಲ್ಲ ಆಫ್ ಮಾಡಿ, ಎದ್ದ ಕೂಡ್ಲೇ ಅದರ ತಲೆ ಮೇಲೆ ಅಷ್ಟೂ ಭಾರ ಹೊರಿಸ್ಬಾರ್ದು. ಈಗ ಮ್ಯಾನುಯಲ್‌ಗೆ ತಂದು, ಹಸಿರು."

ಮಾಣಿಕ್ಯಾಲರಾವು ಹಸಿರು ಗುಂಡಿ ಒತ್ತಿದ. ಜನರೇಟರ್ ಒಮ್ಮೆ ಕೆಮ್ಮಿ, ಹೊಗೆ ಬಿಟ್ಟು, ಗುಡುಗಿತು. ಅವನು ಹೊಂಡದ ಕಡೆಗೆ ಕರೆಂಟು ಬಿಡುವ ಲೋಡ್ ಗುಂಡಿಗೆ ಕೈ ಹಾಕಹೋದಾಗ ನೂಕರತ್ನಂ ತಡೆದಳು.

"ಒಂದು ಗಳಿಗೆ ತಾಳಿ. ಇಲ್ಲಿ ಓದಿ."

ಅವನು ಗಾಜಿನ ಮೇಲೆ ಓದಿದ. ವೋಲ್ಟು ನಾನೂರ ಹದಿನೈದು. ಆವರ್ತನ ಐವತ್ತರ ಆಸುಪಾಸು. ಆಯಿಲ್ ಪ್ರೆಶರ್ ಸರಿ, ಬಿಸಿ ಸರಿ. ನಾಲ್ಕು ವರ್ಷದಿಂದ ಎದುರಿಗೇ ಇದ್ದ ಅಂಕಿಗಳು. ಇವತ್ತು ಮೊದಲ ಬಾರಿಗೆ ಅವನ ಜೊತೆ ಮಾತಾಡಿದವು. ಎಲಾ ಇದರ! ಹೊಟ್ಟೆಯೊಳಗಿನ ಸಂಕಟವನ್ನೆಲ್ಲ ಹೇಳಿಕೊಳ್ಳುವ ಯಂತ್ರಕ್ಕೆ ತಾನು ಬರೀ ಮಂಗಳಾರತಿ ಎತ್ತುತ್ತಿದ್ದೆನಲ್ಲ ಎಂದು ನಾಚಿದ.

"ಈಗ ಲೋಡ್ ಕೊಡಿ. ಏರೇಟರ್ ಒಂದಾದ ಮೇಲೆ ಒಂದು."

ಮೊದಲ ಚಕ್ರ ತಿರುಗಿತು, ಎರಡನೆಯದು ತಿರುಗಿತು, ನೀರು ಬೆಳ್ಳಗೆ ಚಿಮ್ಮಿತು. ಮೂಲೆಯಲ್ಲಿ ಒಂದಷ್ಟು ಸೀಗಡಿ ಸತ್ತು ಬಿದ್ದಿದ್ದವು. ಉಳಿದದ್ದೆಲ್ಲ ನಿಧಾನವಾಗಿ ಆಳಕ್ಕೆ ಇಳಿಯಿತು. ಚಿಟ್ಟೆಮ್ಮ ಬದುವಿನ ಮೇಲೆ ಕೂತು ಅತ್ತುಬಿಟ್ಟಳು.

"ತಪ್ಪಾಯ್ತು ಕಣಮ್ಮಾ," ಎಂದ ಮಾಣಿಕ್ಯಾಲರಾವು. "ಏಳನೇ ಕ್ಲಾಸಲ್ಲಿ ಇಷ್ಟೆಲ್ಲ ಹೇಳ್ಕೊಡ್ತಾರೆ ಅಂತ ಗೊತ್ತಿದ್ರೆ ನಾನೂ ಓದ್ತಿದ್ದೆ!"

"ಕೇಳಿದ್ರೆ ಯಾರಾದ್ರೂ ಹೇಳ್ಕೊಡ್ತಾರೆ, ಭಾವ. ಕರೆಂಟು ಬಂದ್ಮೇಲೆ ಲೋಡ್ ತೆಗೆದು, ಐದು ನಿಮಿಷ ಖಾಲಿ ಓಡಿಸಿ ನಿಲ್ಸಿ. ಮುಂದಿನ ಸಲ ತಾನೇ ಏಳೋ ಹಾಗೆ ಮರೀದೆ ಆಟೋಗೆ ಹಾಕಿ."

ಮರುದಿನ ಮಾಣಿಕ್ಯಾಲರಾವು ಚಿಟ್ಟೆಮ್ಮನನ್ನು ಪ್ಯಾನೆಲ್ಲಿನ ಮುಂದೆ ನಿಲ್ಲಿಸಿದ. "ನಂಗೆ ಶಾಕ್ ಹೊಡೆದ್ರೆ?" ಎಂದಳು. "ಒಳಗಿನ ವೈರಿಗೆ ಕೈ ಹಾಕ್ಬೇಡ, ಒಣ ಕೈಲಿ ಗುಂಡಿ ಒತ್ತು ಸಾಕು," ಎಂದು ಅವನು ದೂರ ಸರಿದು ನಿಂತ. ಅವಳೊಬ್ಬಳೇ ಯಂತ್ರವನ್ನು ಎಬ್ಬಿಸಿದಳು, ಅವಳೇ ಮಲಗಿಸಿದಳು. ಆ ಹೊತ್ತು ಅವಳ ಮುಖ ನೋಡಬೇಕಿತ್ತು ನೀವು!

ಕೇಳಿದಿರಲ್ಲ, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ? ಸೀಗಡಿ ಹೊಂಡವೇ ಆಗಬೇಕೆಂದಿಲ್ಲ. ನಿಮ್ಮೂರಿನ ಡೇರಿಯಲ್ಲಿ, ಹೆರಿಗೆ ಆಸ್ಪತ್ರೆಯಲ್ಲಿ, ಕೋಳಿ ಫಾರಮ್ಮಿನಲ್ಲಿ ಇಂಥದೊಂದು ಪ್ಯಾನೆಲ್ ಇದ್ದೇ ಇರುತ್ತದೆ. ಪೂಜೆ ಮಾಡಿ, ಬೇಡವೆನ್ನುವವರು ಯಾರು? ದೀಪದ ಮೇಲೆ ಬೊಟ್ಟು ಇಡಬೇಡಿ, ಗುಂಡಿ ಮುಚ್ಚುವಂತೆ ಮಾಲೆ ಹಾಕಬೇಡಿ. ಇಂಜಿನ್ ಹತ್ತಿರ ಕೈ ಹೋಗುವ ಮುನ್ನ ಕೆಂಪು ಗುಂಡಿ ಒತ್ತಿ, ಕೆಲಸ ಮುಗಿದ ಮೇಲೆ ಬಿಡಿಸಿ. ಆಪರೇಟರ್ ಊರಲ್ಲಿದ್ದಾಗಲೇ ಅವನಿಂದ ಕಲಿತುಕೊಳ್ಳಿ. ನಿಮ್ಮಲ್ಲಿ ಆ ಗುಂಡಿಗಳನ್ನು ಬಲ್ಲವರು ಎಷ್ಟು ಜನ, ಎಣಿಸಿ ನೋಡಿ. ಒಬ್ಬರೇ ಇದ್ದರೆ, ಇವತ್ತೇ ಇಬ್ಬರಾಗಿ.