ಕೆಳಗಿನ ಓಣಿಯ ಗಂಟು

ಡಿಡಿಟಿಯ ವಾಸನೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಹಸಿ ಸುಣ್ಣಕ್ಕೆ ಸೀಮೆಎಣ್ಣೆ ಬೆರೆಸಿದಂತೆ, ಮೂಗಿಗೆ ತಣ್ಣಗೆ ಹತ್ತಿ ಗಂಟಲಿನಲ್ಲಿ ಕಹಿಯಾಗಿ ನಿಲ್ಲುವ ವಾಸನೆ. ನಾನು ಚಿಕ್ಕವಳಿದ್ದಾಗ ನಮ್ಮ ಗುಡೇಕೋಟೆಗೆ ಮಲೇರಿಯಾದವರು ಪಂಪು ಹೊತ್ತು ಬರುತ್ತಿದ್ದರು. ಗೋಡೆಗೆ ಔಷಧಿ ಹೊಡೆಯುವ ಮೊದಲು ಹಿಟ್ಟಿನ ಗಡಿಗೆ, ಉಪ್ಪಿನ ಡಬ್ಬಿ ಎಲ್ಲವನ್ನೂ ತಾವೇ ಎತ್ತಿ ಅಂಗಳದಲ್ಲಿಡುತ್ತಿದ್ದರು. ಒಮ್ಮೆ, ಹೊಡೆದ ಮನೆಗಳನ್ನು ನೋಡಲು ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ನಮ್ಮಜ್ಜಿ ನಸುಕಿನಲ್ಲೇ ಎದ್ದು, ಸಗಣಿ ಕೆಮ್ಮಣ್ಣು ಕಲಸಿ, ಬಿಳಿ ಕಲೆ ಬಿದ್ದ ಗೋಡೆಗಳನ್ನೆಲ್ಲ ಸಾರಿಸಿಬಿಟ್ಟಳು. ಬಂದವರ ಕಣ್ಣಿಗೆ ಮನೆ ಹೊಲಸು ಕಾಣಬಾರದಲ್ಲ. ಸಾಹೇಬರು ಗೋಡೆ ನೋಡಿದರು, ಅಜ್ಜಿಯ ಮುಖ ನೋಡಿದರು. ಆಕೆ ಕೊಟ್ಟ ಮಜ್ಜಿಗೆ ಕುಡಿದು, "ಚಲೋ ಸಾರ್ಸೀರಿ ಯಮ್ಮಾ" ಅಂದು ಹೋದರು. ಔಷಧಿಯೆಲ್ಲ ಸಗಣಿಯ ಅಡಿ ಸೇರಿತೆಂದು ನನಗೆ ತಿಳಿದದ್ದು ಕಾಲೇಜು ಓದುವಾಗ. ಅಜ್ಜಿಗೆ ಕೊನೆಗೂ ತಿಳಿಯಲಿಲ್ಲ.

ಹೋದ ವರ್ಷ ಬೇಸಿಗೆಯ ಕೊನೆಗೆ ಕ್ರಾಂತಿ ನನ್ನ ಪಡಸಾಲೆಯಲ್ಲಿ ಎರಡು ದೊಡ್ಡ ಗಂಟು ಇಳಿಸಿ ಒಂದನ್ನು ಬಿಚ್ಚಿದಾಗ ಬಂದದ್ದು ಅದೇ ವಾಸನೆಯಲ್ಲ. ಆದರೆ ಅದರ ದೂರದ ನೆಂಟ. ಒಳಗೆ ಔಷಧಿಯಲ್ಲಿ ಅದ್ದಿದ ಪರದೆ ಬಟ್ಟೆಗಳಿದ್ದವು, ನೀರಿನ ಡ್ರಮ್ಮಿನ ಬಾಯಿಗೆ ಕಟ್ಟುವಂಥವು.

ಕ್ರಾಂತಿ ಹಗರಿಬೊಮ್ಮನಹಳ್ಳಿಯ ಭೀಮೇಶನ ಮಗಳು. ಭೀಮೇಶ ಹೈಸ್ಕೂಲಿನಲ್ಲಿ ನನ್ನ ಹತ್ತಿರ ವಿಜ್ಞಾನ ಕಲಿತವನು, ಈಗ ಬ್ಯಾಂಕಿನಲ್ಲಿ ಕೆಲಸ. ಮಗಳು ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಓದುತ್ತಿದ್ದಳು. ಕೊನೆಯ ವರ್ಷದ ಅಧ್ಯಯನಕ್ಕೆ ನಮ್ಮೂರನ್ನು ಆರಿಸಿಕೊಂಡು, ಮೂರು ತಿಂಗಳು ನನ್ನ ಮನೆಯಲ್ಲಿರಲು ಬಂದಿದ್ದಳು.

"ಅಂದ್ರ ನೀ ಡಾಕ್ಟರೇನವ್ವ?" ಎಂದು ಮೊದಲ ದಿನವೇ ಕೇಳಿದವಳು ಅಂಜಿನಕ್ಕ. ನನ್ನ ಮನೆಯ ಪಾತ್ರೆ ತಿಕ್ಕಿ ಕಸ ಹೊಡೆದು ಹೋಗುವವಳು.

"ಅಲ್ಲಕ್ಕ. ಡಾಕ್ಟರು ಒಬ್ಬೊಬ್ಬರನ್ನ ನೋಡ್ತಾರ. ನಾವು ಇಡೀ ಊರನ್ನ ನೋಡ್ತೀವಿ."

"ಹಂಗಾರ ನನ್ನ ಮಂಡಿನೋವು ನಿನಗ ಸಂಬಂಧಿಲ್ಲ?"

"ಊರಾಗಿನ ಮಂಡಿ ಎಲ್ಲಾ ನೋವಾಗ್ಲಿ, ಆಮ್ಯಾಲ ನೋಡ್ತೀನಿ."

"ಅಯ್ಯ, ನಿನ್ನ ವಿದ್ಯಾಕ ಬೆಂಕಿ ಹಾಕ!" ಎಂದು ಅಂಜಿನಕ್ಕ ಪಾತ್ರೆ ಬಿಟ್ಟು ನಕ್ಕಳು. ಆ ದಿನದಿಂದ ಹುಡುಗಿ ಆಕೆಯ ಬಾಯಲ್ಲಿ ಕ್ರಾಂತೆವ್ವ ಆದಳು.

ಆದರೆ ಅವಳ ಕೋಣೆಯಲ್ಲಿ ಬುದ್ಧನ ಪಟ ನೋಡಿದ ಮೇಲೆ ಒಂದು ವಾರ, ಕ್ರಾಂತಿ ಮಾಡಿದ ಚಹಾ ಅಂಜಿನಕ್ಕ ಕುಡಿಯಲಿಲ್ಲ. ಎದಿ ಉರಿ ಅನ್ನುತ್ತಿದ್ದಳು. ಯಾಕೆಂದು ನನಗೂ ಗೊತ್ತಿತ್ತು, ಕ್ರಾಂತಿಗೂ ಗೊತ್ತಿತ್ತು. ಕ್ರಾಂತಿ ದಿನವೂ ಮೂರು ಲೋಟಕ್ಕೆ ಸೋಸುತ್ತಿದ್ದಳು. ಎರಡನೇ ವಾರ ಒಂದು ಬೆಳಗ್ಗೆ ಅಂಜಿನಕ್ಕ ಸೆರಗಿನಲ್ಲಿ ಲೋಟ ಹಿಡಿದು ಕುಡಿದು, "ಸಕ್ರಿ ಕಮ್ಮಿ ಆಗೈತಿ" ಅಂದಳು. ಮರುದಿನ ಕ್ರಾಂತಿ ಸಕ್ಕರೆ ಹೆಚ್ಚು ಹಾಕಿದಳು.

ನಮ್ಮಲ್ಲಿ ನಲ್ಲಿಯ ನೀರು ವಾರಕ್ಕೊಮ್ಮೆ. ಕೆಲವೊಮ್ಮೆ ಅದೂ ತಪ್ಪುತ್ತದೆ. ಹಾಗಾಗಿ ಪ್ರತಿ ಮನೆಯ ಮುಂದೆ ಪ್ಲಾಸ್ಟಿಕ್ ಡ್ರಮ್ಮುಗಳು. ಆ ನಿಂತ ತಿಳಿನೀರಿನಲ್ಲೇ ಡೆಂಗಿಯ ಸೊಳ್ಳೆ ಮೊಟ್ಟೆಯಿಡುವುದು. ಮೇಲಿನ ಓಣಿಗೆ ಪರದೆ ಈಗಲೇ ಕೊಡುವುದು, ಕೆಳಗಿನ ಓಣಿಗೆ ಮೂರು ತಿಂಗಳಾದ ಮೇಲೆ ಕೊಡುವುದು, ಅಲ್ಲಿಯವರೆಗೆ ವಾರವಾರ ಎರಡೂ ಕಡೆಯ ಡ್ರಮ್ಮುಗಳಲ್ಲಿ ಹುಳ ಎಷ್ಟಿವೆಯೆಂದು ಹೋಲಿಸುವುದು. ಇದು ಕ್ರಾಂತಿಯ ಅಧ್ಯಯನ. ಅಂಜಿನಕ್ಕನದು ಕೆಳಗಿನ ಓಣಿ.

ಕೆಳಗಿನ ಓಣಿಗೆ ಮೊದಲ ಸಲ ಹೋದಾಗ ನಾನೂ ಜೊತೆಗಿದ್ದೆ. ಹೆಂಗಸರು ಸುತ್ತ ನೆರೆದರು.

"ನಮಗ್ಯಾಕಿಲ್ಲ? ನಾವೇನು ಪಾಪ ಮಾಡೀವಿ?" ಎಂದು ಜೋಗಮ್ಮ ಜೋರು ಮಾಡಿದಳು.

"ನಿಮಗೂ ಬರತಾವ್ರಿ. ಸ್ವಲ್ಪ ತಡೀರಿ. ಅಲ್ಲೀ ತನಕ ನೀವು ದಿನಾ ಹೆಂಗಿರ್ತೀರೋ ಹಂಗಾ ಇರ್ರಿ. ನಾ ಬರೇ ನೋಡ್ಕೊಂಡು ಹೋಗ್ತೀನಿ."

"ಇರ್ರಲೇ," ಎಂದು ಅಂಜಿನಕ್ಕ ಎಲ್ಲರನ್ನೂ ಗದರಿಸಿದಳು. "ಹುಡುಗಿ ಪರೀಕ್ಷಿ ಅದು. ಆಕಿ ಹೇಳಿದಂಗ ಕೇಳ್ರಿ."

ಅಂಜಿನಕ್ಕನ ಮೊಮ್ಮಗಳು ಹೊನ್ನೂರಿ ಡ್ರಮ್ಮಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತು ಇಣುಕುತ್ತಿದ್ದಳು. ಅವಳ ಅವ್ವ ಅಪ್ಪ ದುಡಿಯಲು ಗುಳೆ ಹೋಗಿದ್ದರಿಂದ ಅಜ್ಜಿಯ ಬಳಿಯೇ ಬೆಳೆಯುತ್ತಿದ್ದಳು. "ಅಜ್ಜೀ, ಹುಳ ಕುಣೀತಾವ ನೋಡ!" ಎಂದು ಕೂಗಿದಳು. ತಾನೂ ಹಾಗೇ ಸೊಂಟ ಕುಣಿಸಿ ತೋರಿಸಿದಳು. ಓಣಿಯೇ ನಕ್ಕಿತು.

ಕೆಳಗಿನ ಓಣಿಯ ಪಾಲಿನ ಎರಡನೇ ಗಂಟು ನನ್ನ ಪಡಸಾಲೆಯ ಮೂಲೆಯಲ್ಲಿ ಉಳಿಯಿತು. ಅಂಜಿನಕ್ಕ ಕಸ ಹೊಡೆಯುವಾಗ ಅದನ್ನು ಹುಷಾರಾಗಿ ಎತ್ತಿ, ಅಡಿಯ ಧೂಳು ತೆಗೆದು, ಮತ್ತೆ ಅಲ್ಲೇ ಇಡುತ್ತಿದ್ದಳು. ನೋಡಿ ನೋಡಿ ಒಂದು ದಿನ ನಾನೇ ಕೇಳಿದೆ.

"ಒಂದು ಪರದಿ ಆಕಿಗೆ ಕೊಡಬಾರದೇನವ್ವ? ಮನಿಯಾಕಿ ಇದ್ದಂಗ ಅದಾಳ."

ಕ್ರಾಂತಿ ತಲೆ ತಗ್ಗಿಸಿದಳು. "ಆಕಿಗೆ ಕೊಟ್ರ ಬಾಜೂ ಮನಿಯಾಕಿಗೆ ಏನ್ ಹೇಳ್ಲಿ ಅಜ್ಜಿ? ಬೇಕಾದವ್ರಿಗೆ ಕೊಟ್ಟೆ ಅಂದ್ರ ಲೆಕ್ಕ ಸುಳ್ಳಾಗತೈತಿ. ಪರದಿ ಕೆಲಸ ಮಾಡತೈತಿ ಅಂತ ತೋರಿಸಿದ್ರ ನಾಳೆ ಚಿಗಟೇರಿ, ಇಟ್ಟಿಗಿ, ಎಲ್ಲಾ ಕಡಿಗೂ ಕೊಡ್ರಿ ಅಂತ ಸರ್ಕಾರನ ಕೇಳಬಹುದು."

ಅವಳ ಮಾತು ಸರಿಯಿತ್ತು. ಜೀವಮಾನವೆಲ್ಲ ನಾನು ಹೇಳಿಕೊಟ್ಟ ವಿಜ್ಞಾನವೂ ಅದೇ.

ಆದರೆ ಲೆಕ್ಕ ಅವಳು ಎಣಿಸಿದಂತೆ ಬರುತ್ತಿರಲಿಲ್ಲ. ಕೊಟ್ಟಲ್ಲಿಯೂ ಹುಳ ಕಡಿಮೆ, ಕೊಡದಲ್ಲಿಯೂ ಕಡಿಮೆ. "ಹಿಂಗ್ಯಾಕಜ್ಜಿ? ಪರದಿ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ ಅಂತಾತು," ಎಂದು ಊಟದ ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಕೂರುತ್ತಿದ್ದಳು.

ಮಳೆ ಒಂದೆರಡು ಸಲ ಬಂದು ಹೋದ ಮೇಲೆ ಹೊನ್ನೂರಿಗೆ ಜ್ವರ ಬಂತು. ಶಾಲೆಯಲ್ಲಿ ಇನ್ನೂ ಕೆಲವು ಮಕ್ಕಳಿಗೆ ಬಂದು, ಬಿಟ್ಟೂ ಹೋಗಿತ್ತು. ಹೊನ್ನೂರಿಗೂ ಬಿಟ್ಟಿತು, ಅಂಜಿನಕ್ಕ ಹನುಮಪ್ಪನಿಗೆ ಕಾಯಿ ಒಡೆಸಿ ಬಂದಳು. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೆಯೇ ಅಪಾಯ ಎಂದು ಕ್ರಾಂತಿಗೆ ಗೊತ್ತಿತ್ತು. ಅವಳು ಓಡಿಹೋಗಿ ನೋಡಿದಾಗ ಕೂಸಿನ ಕೈಕಾಲು ತಣ್ಣಗಾಗಿದ್ದವು. ಅವಳೂ ಅಂಜಿನಕ್ಕನೂ ಕೂಡ್ಲಿಗಿಗೆ ಕರೆದೊಯ್ದರು. ಅಲ್ಲಿಯ ಡಾಕ್ಟರು ತಮ್ಮ ಕೈಲಾದುದನ್ನೆಲ್ಲ ಮಾಡಿ, ಬಳ್ಳಾರಿಗೆ ಕಳಿಸಿದರು. ದಾರಿಯಲ್ಲಿ ಅಂಜಿನಕ್ಕನ ತೊಡೆಯ ಮೇಲೆಯೇ ಹೊನ್ನೂರಿಯ ಜೀವ ಹೋಯಿತು. ಆಂಬುಲೆನ್ಸಿನ ಡ್ರೈವರ್ ರಾಮಾಂಜನೇಯ ಗಾಡಿ ನಿಲ್ಲಿಸಿ, ತನ್ನ ಹೆಗಲಿನ ಟವೆಲ್ ತೆಗೆದು ಕೂಸಿಗೆ ಹೊದಿಸಿ, ಸೈರನ್ ಇಲ್ಲದೆ, ಗುಂಡಿ ಬಂದಲ್ಲೆಲ್ಲ ನಿಧಾನ ಮಾಡಿ ವಾಪಸ್ಸು ಕರೆತಂದನಂತೆ. ಕ್ರಾಂತಿ ಇದೊಂದನ್ನೇ ನನಗೆ ಹೇಳಿದ್ದು.

ಮಣ್ಣು ಮಾಡಿ ಬಂದ ಸಂಜೆ ಅವಳು ಕಾಲೇಜಿನ ಗೈಡ್ ಮೇಡಂ ಜೊತೆ ಫೋನಿನಲ್ಲಿ ಮಾತಾಡಿದಳು. ಆಕೆ ಕೆಟ್ಟವರಲ್ಲ; ಬಹಳ ಹೊತ್ತು ಸಮಾಧಾನ ಹೇಳಿದರು. ಇನ್ನು ಕೆಲವೇ ವಾರ ಉಳಿದಿದೆ, ಈಗ ಕೊಟ್ಟರೆ ಅಧ್ಯಯನ ಕೆಡುತ್ತದೆ, ಒಂದು ವರ್ಷ ಹೋಗುತ್ತದೆ, ಯೋಚನೆ ಮಾಡು ಎಂದರು. ಆ ರಾತ್ರಿಯೂ ಕ್ರಾಂತಿ ಉಣ್ಣಲಿಲ್ಲ. ಬೆಳಗ್ಗೆ ನಾನು ಏಳುವಷ್ಟರಲ್ಲಿ ಎರಡನೇ ಗಂಟನ್ನು ಬಾಗಿಲಿಗೆ ಎಳೆದುಕೊಂಡಿದ್ದಳು.

"ವರ್ಷ ಹೋಗತೈತೇನವ್ವ?"

"ಹೋಗ್ಲಿ ಅಜ್ಜಿ. ನಿಮ್ಮ ಕೈ ಕೊಡ್ರಿ, ಇದನ್ನ ಎತ್ತಬೇಕು."

ಕೆಳಗಿನ ಓಣಿಯ ಮೊದಲ ಮನೆ ಜೋಗಮ್ಮನದು. ಪರದೆ ಚಾಚಿದಾಗ ಆಕೆ ಕೈ ಮುಂದೆ ಮಾಡಲಿಲ್ಲ.

"ನಮ್ಮಲ್ಲಿ ಐತಲ್ಲವ್ವ," ಅಂದಳು.

ಒಳಗೆ ಹೋಗಿ ಅರ್ಧ ಪರದೆಯನ್ನು ತಂದಳು. ಕತ್ತರಿಸಿದ ಅಂಚಿಗೆ ಹಳೆಯ ಲಂಗದ ಪಟ್ಟಿ ಹೊಲಿದಿತ್ತು.

"ನಮ್ಮ ನಾದಿನಿ ಮ್ಯಾಲಿನ ಓಣ್ಯಾಕಿ. ತನಗ ಕೊಟ್ಟಿದ್ದನ್ನ ಎರಡು ಮಾಡಿ ಒಂದು ನನಗ ಕೊಟ್ಲು. ತಾ ಒಬ್ಬಾಕಿ ಮುಚ್ಚಿಕೊಂಡು ನಾನು ಬಿಟ್ಟಿರಬೇಕಂದ್ರ ಆಕಿಗೆ ಹೆಂಗ ಮನಸ್ಸು ಬರಬೇಕು? ಎಲ್ಲರ ಮನ್ಯಾಗೂ ಹಿಂಗಾ ಬಂದಾವು."

"ನಾ ವಾರವಾರ ಬರ್ತಿದ್ನಲ್ಲ. ಒಂದು ದಿನಾನೂ ಕಾಣ್ಲಿಲ್ಲ."

"ನೀ ಬರೋ ಹೊತ್ತಿಗೆ ತಗದು ಒಳಗ ಇಡ್ತಿದ್ವಿ," ಎಂದು ಜೋಗಮ್ಮ ನಾಚಿದಳು. "ನಿನಗ ಬ್ಯಾಸರಾಗಬಾರದು ಅಂತ."

ಕ್ರಾಂತಿ ಗಂಟಿನ ಮೇಲೆ ಕೂತುಬಿಟ್ಟಳು. ಎರಡೂ ಓಣಿಯ ಲೆಕ್ಕ ಒಂದೇ ಬಂದದ್ದು ಯಾಕೆಂದು ಈಗ ತಿಳಿಯಿತು. ಅವಳು ಕಾದಿಟ್ಟ ಗಂಟು ಮೊದಲ ವಾರದಿಂದಲೇ ಯಾವ ಲೆಕ್ಕಕ್ಕೂ ಇಲ್ಲದ್ದಾಗಿತ್ತು. ಆಮೇಲೆ ಕೇಳಿದಳು.

"ಅಂಜಿನಕ್ಕಗ ಯಾರೂ ಕೊಡಲಿಲ್ಲೇನು?"

ಜೋಗಮ್ಮ ನನ್ನ ಮುಖ ನೋಡಿದಳು. ಹೇಳಲೋ ಬೇಡವೋ ಎಂಬಂತೆ.

"ಆಕಿ ತಂಗಿ ತಂದಿದ್ಲು. ಅಂಜಿನಕ್ಕ ಒಲ್ಲೆ ಅಂದ್ಲು. 'ಹುಡುಗಿ ಹಂಗಾ ಇರ್ರಿ ಅಂದಾಳ, ನಾವು ಮುಚ್ಚಿದ್ರ ಪರೀಕ್ಷ್ಯಾಗ ಫೇಲ್ ಆಗ್ತಾಳ' ಅಂತ. ಮೊದಲು ಗಾಳಿ ಧೂಳಿ ಎದ್ದಾಗ ಒಂದು ಹಳೇ ಸೀರಿ ಮುಚ್ಚಾಕಿ. ನೀ ಬಂದು ಹೋದ ಮ್ಯಾಲ ಅದನ್ನೂ ತಗದಿಟ್ಲು."

ಅಂಜಿನಕ್ಕನ ಮನೆಯ ಒಲೆ ಹಚ್ಚಿರಲಿಲ್ಲ. ಹಾಲುತುಪ್ಪದ ಶಾಸ್ತ್ರ ಮುಗಿಯುವವರೆಗೆ ನಮ್ಮಲ್ಲಿ ಸಾವಿನ ಮನೆಯಲ್ಲಿ ಅಡಿಗೆ ಮಾಡುವುದಿಲ್ಲ. ಓಣಿಯವರು ಬುತ್ತಿ ತಂದಿಡುತ್ತಾರೆ. ಗೋಡೆಯ ಬದಿಯಲ್ಲಿ ಅರಿವೆಯಲ್ಲಿ ಕಟ್ಟಿದ ಬುತ್ತಿಗಳು ಬಿಚ್ಚದೆ ಹಾಗೇ ಇದ್ದವು. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದಿದ್ದ ಹೊನ್ನೂರಿಯ ಅವ್ವ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಂಜಿನಕ್ಕ ಹೊಸ್ತಿಲ ಹತ್ತಿರ ಕೂತಿದ್ದಳು.

"ಬಾರವ್ವ ಕ್ರಾಂತೆವ್ವ," ಅಂದಳು. ಹುಡುಗಿಯ ಕೈಯಲ್ಲಿದ್ದ ಪರದೆ ನೋಡಿ, "ಇದನ್ಯಾಕ ಈಗ ತಂದಿ? ಮೂರು ತಿಂಗಳು ಆಗಲಿಲ್ಲಲ್ಲ ಇನ್ನೂ. ನಿನ್ನ ಪರೀಕ್ಷಿ ಹೆಂಗ?"

ಕ್ರಾಂತಿಯ ತುಟಿ ತೆರೆಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿಗೆ ಬಂದ ಮಾತು ಯಾವುದೆಂದು ನನಗೆ ಗೊತ್ತಾಯಿತು. 'ಮುಚ್ಚಬ್ಯಾಡ ಅಂತ ನಾ ಹೇಳಿರಲಿಲ್ಲಕ್ಕ.' ಸುಳ್ಳೇನಲ್ಲ. ಆದರೆ ಆ ಮಾತು ಆಡಿದರೆ ಕ್ರಾಂತಿ ಹಗುರಾಗುತ್ತಿದ್ದಳು; ಆ ಭಾರವನ್ನು ಅಂಜಿನಕ್ಕ ಸಾಯುವ ತನಕ ಹೊರಬೇಕಾಗುತ್ತಿತ್ತು. ಹುಡುಗಿ ಅದನ್ನು ನುಂಗಿಕೊಂಡಳು.

"ಪರೀಕ್ಷಿ ಬರೋ ವರ್ಷ ಬರೀತೀನಕ್ಕ."

ಅಂಜಿನಕ್ಕ ಪರದೆಯ ತುದಿ ಬೆರಳಲ್ಲಿ ಹೊಸೆಯುತ್ತ ಕೂತಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ಡ್ರಮ್ಮ ಮುಚ್ಚಿದ್ರ ನನ್ನ ಕೂಸು ಉಳೀತಿತ್ತೇನವ್ವ?"

ಒಳಗೆ ಮಲಗಿದ್ದವಳು ಹೊರಳಿದ ಸದ್ದಾಯಿತು. ಅವಳೂ ಕೇಳಿಸಿಕೊಳ್ಳುತ್ತಿದ್ದಳು.

"ಗೊತ್ತಿಲ್ಲಕ್ಕ," ಎಂದಳು ಕ್ರಾಂತಿ. "ಊರಿಂದು ಹೇಳು ಅಂದ್ರ ಹೇಳ್ತೀನಿ. ಒಂದು ಕೂಸಿಂದು ಹೇಳಾಕ ನಮ್ಮ ವಿದ್ಯಾಕ ಬರಂಗಿಲ್ಲ. ಸಾಲಿ ಸೊಳ್ಳಿನೋ, ಯಾರ ಮನಿ ಸೊಳ್ಳಿನೋ, ಅದು ಯಾರಿಗೂ ತಿಳಿಯಂಗಿಲ್ಲ. ಆದ್ರ ಮುಚ್ರಿ ಅಂತ ನಾ ಮೊದಲ ದಿನಾನ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನಂದು. ನೀ ಮಾತು ನಡಸೀದಿ, ಅಷ್ಟ."

ಅಂಜಿನಕ್ಕ ಮಂಡಿ ಹಿಡಿದುಕೊಂಡು ಎದ್ದಳು. ಡ್ರಮ್ಮಿನ ಹತ್ತಿರ ಹೋಗಿ ಒಳಗೆ ನೋಡಿದಳು. ಹುಳಗಳು ಕುಣಿಯುತ್ತಲೇ ಇದ್ದವು. ಅವಳು ಒಂದು ಕಡೆ ಹಿಡಿದಳು, ಕ್ರಾಂತಿ ಇನ್ನೊಂದು ಕಡೆ. ಇಬ್ಬರೂ ಸೇರಿ ಡ್ರಮ್ಮು ಬಗ್ಗಿಸಿದರು. ಮನೆಯ ಅಷ್ಟೂ ನೀರು ಅಂಗಳ ದಾಟಿ ಓಣಿಯ ಮಣ್ಣಿಗೆ ಹರಿದು ಇಂಗಿತು. ನಮ್ಮೂರಿನಲ್ಲಿ ಒಂದು ತಂಬಿಗೆ ನೀರು ಚೆಲ್ಲಿದರೂ ಬೈಯುತ್ತಾರೆ. ಅಂದು ಯಾರೂ ತುಟಿ ಬಿಚ್ಚಲಿಲ್ಲ. ಕ್ರಾಂತಿ ತೋಳಿನುದ್ದ ಕೈ ಹಾಕಿ ಒಳಗೆಲ್ಲ ತಿಕ್ಕಿದಳು. ಮೊದಲು ಜೋಗಮ್ಮ ಒಂದು ಕೊಡ ತಂದು ಸುರಿದಳು. ಆಮೇಲೆ ಎದುರುಮನೆಯಾಕೆ. ಹೀಗೆ ಒಂದೊಂದು ಕೊಡ ಬಂದು ಡ್ರಮ್ಮು ಅರ್ಧದಷ್ಟಾಯಿತು. ಕ್ರಾಂತಿ ಪರದೆ ಬಿಗಿದು ಕಟ್ಟಿದಳು. ಗಂಟು ಎರಡು ಸಲ ಜಾರಿತು. ಮೂರನೇ ಸಲ ಅಂಜಿನಕ್ಕ ಬೆರಳಿಟ್ಟು ಒತ್ತಿ ಹಿಡಿದಳು.

ನಾವು ಹೊರಡಬೇಕೆಂದಿದ್ದೆವು. ಇನ್ನೂ ಕೊಡಬೇಕಾದ ಮನೆಗಳಿದ್ದವು. ಅಂಜಿನಕ್ಕ ಕ್ರಾಂತಿಯ ಮುಖವನ್ನು ಒಮ್ಮೆ ಸರಿಯಾಗಿ ನೋಡಿದಳು. ಎರಡು ದಿನ ಏನೂ ಉಣ್ಣದ ಮುಖ ಅದು. ಗೋಡೆಯ ಬದಿಗೆ ಹೋಗಿ ಕೂತು ಒಂದು ಬುತ್ತಿ ಬಿಚ್ಚಿದಳು. ಎರಡು ಜೋಳದ ರೊಟ್ಟಿ ತೆಗೆದು, ಅದರ ಮೇಲೆ ಪುಂಡಿಪಲ್ಯ ಹಚ್ಚಿ ಮಡಚಿ, ತಂದು ಹುಡುಗಿಯ ಒದ್ದೆ ಅಂಗೈಯಲ್ಲಿಟ್ಟಳು.