ಗೋಡೆಗೆ ಮುಖ ಮಾಡಿದ ಲಾಂಛನ

ಮೊರದಲ್ಲಿದ್ದ ಹೂವಿನ ರಾಶಿಯಿಂದ ಸಾರಿಯೆಮ್ ಬಿಳಿ ಸಂಪಿಗೆಗಳನ್ನು ಮಾತ್ರ ಹೆಕ್ಕಿ ಹೆಕ್ಕಿ ಬೆಂಚಿನ ಕೆಳಗೆ ಎಸೆಯುತ್ತಿದ್ದಳು. ಮಲ್ಲಿಗೆ ಇರಲಿ, ಗುಲಾಬಿ ಇರಲಿ, ಸಂಪಿಗೆ ಮಾತ್ರ ಬೇಡ. ಅಂಗಳದಲ್ಲಿ ಅವಳ ಗಂಡ ಕಾರ್ಯಾದಿಗೆ ಕೊನೆಯ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಸುತ್ತಿ, ಚಟ್ಟದ ಮೇಲೆ ಮಲಗಿಸಿದ್ದರು. ಬೆಳಗಿನ ಕಾಫಿ ಆರುವ ಮೊದಲೇ ಪ್ರಾಣ ಹೋಗಿತ್ತು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹೊರಡಬೇಕು, ಚಟ್ಟದ ಮೇಲೆ ಹಾಕುವ ಸರಗಳು ಇನ್ನೂ ಕಟ್ಟಿ ಮುಗಿದಿರಲಿಲ್ಲ.

ಪಕ್ಕದ ಮನೆಯ ತುಮಿಯಾ ಸೂಜಿಗೆ ದಾರ ಪೋಣಿಸುತ್ತಾ ಇದನ್ನು ನೋಡುತ್ತಿದ್ದಳು.

"ಸಂಪಿಗೆ ಇಲ್ದೆ ಸರ ಕಟ್ಟಿದ್ದು ನಾನಂತೂ ಕಂಡಿಲ್ಲಮ್ಮ."

"ನಿನ್ನ ಗಂಡ ಸತ್ತಾಗ ಮೊರ ತುಂಬ ಹಾಕ್ಕೋ. ಇವರು ನನ್ನ ಗಂಡ."

"ಮೆಲ್ಲಗೆ ಕಣೇ. ನಮ್ಮ ಯಜಮಾನ್ರು ಇನ್ನೂ ಹೊರಗಡೆ ಟೀ ಕಾಯಿಸ್ತಿದಾರೆ."

ಹೂ ಕಟ್ಟುತ್ತಿದ್ದ ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ಸಂಪಿಗೆಯ ಮೇಲೆ ಸಾರಿಯೆಮ್‌ಗೆ ಏನು ಸಿಟ್ಟು ಎನ್ನುವುದು ಓಣಿಯಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವಲ್ಲ.

ಅಷ್ಟರಲ್ಲಿ ಊರ ಮುಖಂಡ ಚಪ್ಪಲಿ ಬಿಟ್ಟು ಒಳಗೆ ಬಂದ. ಜಿಲ್ಲೆಯ ಲಾಂಛನವನ್ನು ಬರೆದ ಕೈ ಇವತ್ತು ಮಣ್ಣಿಗೆ ಹೋಗುತ್ತಿದೆ, ಕಾರ್ಯಾದಿ ಕೈಯಾರೆ ಬರೆದ ಮೊದಲ ಹಲಗೆ ಈ ಮನೆಯಲ್ಲೇ ಇದೆಯಂತೆ, ಸಂಜೆಯ ಪ್ರಾರ್ಥನೆಗೆ ಜನ ಸೇರುವಾಗ ಅದನ್ನು ಹಜಾರದಲ್ಲಿ ಇಟ್ಟರೆ ಎಲ್ಲರಿಗೂ ಮರ್ಯಾದೆ ಎಂದ. ಹಲಗೆಗೆ ಗೆದ್ದಲು ಹಿಡಿದಿದೆ ಎಂದಳು ಸಾರಿಯೆಮ್. ಸುಳ್ಳು. ಅದು ಕೋಣೆಯ ಬೀರುವಿನ ಹಿಂದೆ, ಗೋಡೆಗೆ ಮುಖ ಮಾಡಿಕೊಂಡು, ನಲವತ್ತು ವರ್ಷದಿಂದ ಗಟ್ಟಿಮುಟ್ಟಾಗಿ ನಿಂತಿತ್ತು.

*

ಜಾವಾದ ಆ ಸಣ್ಣ ಜಿಲ್ಲೆಗೂ ಒಂದು ಲಾಂಛನ ಇರಬೇಕು ಎಂದು ಆಗ ಹುಕುಂ ಬಂದಿತ್ತು. ಬರೆಯಬಲ್ಲವರೆಲ್ಲ ಬರೆದು ಕೊಡಬಹುದು, ಗೆದ್ದವನಿಗೆ ಹೊಸ ಸೈಕಲ್. ಏನೇನಿರಬೇಕು ಎಂದೂ ಹುಕುಮಿನಲ್ಲೇ ಇತ್ತು: ನಡುವೆ ಬೆಟ್ಟ, ಅದರ ಕೆಳಗೆ ನದಿ, ಒಂದು ಬದಿಗೆ ಭತ್ತದ ತೆನೆ, ಇನ್ನೊಂದು ಬದಿಗೆ ಹತ್ತಿ. ಭತ್ತವೆಂದರೆ ಅನ್ನ, ಹತ್ತಿಯೆಂದರೆ ಬಟ್ಟೆ; ಇವೆರಡಿದ್ದರೆ ಪ್ರಜೆಗಳಿಗೆ ಇನ್ನೇನು ಬೇಕು? ಪಕ್ಕದ ಜಿಲ್ಲೆಗಳ ಲಾಂಛನದಲ್ಲೂ ಇದೇ ಜೋಡಿ. ತೊಂದರೆ ಏನೆಂದರೆ, ಹತ್ತಿ ಗಿಡ ಕಂಡವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ಅವರಿಗೆ ಗೊತ್ತಿದ್ದ ಹತ್ತಿ ಆಸ್ಪತ್ರೆಯಲ್ಲಿ ಕಾಗದ ಸುತ್ತಿ ಇಡುವ ಸುರುಳಿ ಮಾತ್ರ.

ಕಾರ್ಯಾದಿ ಕ್ಷೌರದಂಗಡಿಗಳ ಬೋರ್ಡು, ಎತ್ತಿನ ಗಾಡಿಯ ಪಕ್ಕೆ, ನಾಟಕ ಕಂಪನಿಯ ಪರದೆ ಬರೆದು ಬದುಕುತ್ತಿದ್ದವನು. ಹತ್ತಿ ಹೇಗಿರುತ್ತದೆ ಎಂದು ಶಾಲೆಯ ಮೇಷ್ಟರನ್ನು ಕೇಳಿದ. ಬೆಳ್ಳಗಿರುತ್ತೆ, ಬಲಿತಾಗ ಬಿರಿಯುತ್ತೆ ಎಂದು ಅವರು ಹೇಳಿದರು. ಅಷ್ಟು ಸಾಕಾಯಿತು ಅವನಿಗೆ. ಬರೆದ, ಗೆದ್ದ. ಕಚೇರಿಯವರು ನಕಲು ಮಾಡಿಕೊಂಡ ಮೇಲೆ ಮೂಲ ಹಲಗೆಯನ್ನು ಬಹುಮಾನದ ಸೈಕಲ್ಲಿಗೆ ಕಟ್ಟಿಕೊಂಡು ಗಂಟೆ ಬಾರಿಸುತ್ತಾ ಮನೆಗೆ ಬಂದ. ಸಾರಿಯೆಮ್ ಒದ್ದೆ ಕೈಯಲ್ಲೇ ಓಡಿ ಬಂದಳು.

"ಈ ಕಡೆ ಇರೋದೇನು?"

"ಹತ್ತಿ."

"ಹತ್ತಿಗೆ ಇಷ್ಟು ವಯ್ಯಾರ ಇರುತ್ತಾ?"

"ನಾನೇನು ಕಂಡಿದೀನಾ? ನೀನು ಕಂಡಿದೀಯಾ?"

ಹತ್ತಿಯನ್ನು ಅವಳು ಕಂಡಿರಲಿಲ್ಲ, ನಿಜ. ಸಂಪಿಗೆಯನ್ನು ಕಂಡಿದ್ದಳು. ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದ ರುಸ್ಮಿನಿಯ ತುರುಬಿನಲ್ಲಿ, ಕುಣಿದರೂ ಬೀಳದಂತೆ ತೊಟ್ಟಿಗೆ ಕಪ್ಪು ಪಿನ್ನು ಚುಚ್ಚಿದ ಬಿಳಿ ಸಂಪಿಗೆ. ಮುಂದಿನ ಬೆಂಚಿನಲ್ಲಿ ಕೂತು ಅವಳು ಅದನ್ನು ನೋಡಿದ್ದಳು. ಪರದೆಯ ಮರೆಯಲ್ಲಿ ಬ್ರಷ್ಷು ಹಿಡಿದು ನಿಂತ ಗಂಡ ಎತ್ತ ನೋಡುತ್ತಿದ್ದಾನೆ ಎನ್ನುವುದನ್ನೂ ನೋಡಿದ್ದಳು. ಎರಡನೇ ಸಲ ಕಣ್ಣೆತ್ತದೆ ಹಲಗೆಯನ್ನು ಗೋಡೆಗೆ ತಿರುಗಿಸಿದಳು. ಅದರ ಮುಂದೆ ಬೀರು ಎಳೆದಳು.

ಬೀರು ಎಳೆದು ಎಷ್ಟನ್ನು ಮುಚ್ಚುತ್ತೀರಿ? ಸವತಿ ಮನೆಯೊಳಗಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದು. ಇವಳು ಜಿಲ್ಲಾ ಕಚೇರಿಯ ಗೇಟಿನ ಮೇಲಿದ್ದಳು, ಬಿತ್ತನೆ ಬೀಜದ ಚೀಲದ ಮೇಲಿದ್ದಳು, ಹೆರಿಗೆ ಆಸ್ಪತ್ರೆಯ ಗೋಡೆಯ ಮೇಲಿದ್ದಳು. ನಕಲು ಮಾಡಿದವರೆಲ್ಲ ತಮಗೆ ತೋಚಿದಂತೆ ಬರೆದಿದ್ದರು. ಒಂದು ಕಡೆ ಅದು ಹೂವಿನಂತಿದ್ದರೆ ಇನ್ನೊಂದು ಕಡೆ ಸುಲಿದ ಮೊಟ್ಟೆಯಂತಿರುತ್ತಿತ್ತು. ಸಾರಿಯೆಮ್‌ಗೆ ಎಲ್ಲವೂ ಸಂಪಿಗೆಯೇ. ಮಗಳು ಪುರ್ವಾಂತಿಯ ಶಾಲೆಯ ಅಂಗಿಯ ತೋಳಿನ ಮೇಲೂ ಲಾಂಛನ ಬಂದಾಗ ತೋಳನ್ನು ಒಳಗೆ ಮಡಿಸಿ ಹೊಲಿದುಬಿಟ್ಟಳು. ಜಿಲ್ಲೆಗೆ ಅವಮಾನ ಮಾಡಿದಿರಿ ಎಂದು ಶಾಲೆಯವರು ಕರೆಸಿ ಕೇಳಿದರೆ, ತೋಳು ಉದ್ದವಾಗಿತ್ತು ಎಂದಳು.

ಕಾರ್ಯಾದಿ ಮತ್ತು ರುಸ್ಮಿನಿಯ ನಡುವೆ ಏನಾದರೂ ನಡೆದಿತ್ತೆ? ನಡೆದದ್ದನ್ನು ಕಂಡವರಿಲ್ಲ. ಕೆಲವು ವರ್ಷಗಳಲ್ಲಿ ಕಂಪನಿ ಮುಚ್ಚಿತು, ರುಸ್ಮಿನಿ ಪಕ್ಕದ ಊರಿನ ಅಕ್ಕಿ ಗಿರಣಿಯವನನ್ನು ಮದುವೆಯಾಗಿ ಹೋದಳು. ಆದರೂ ಸಾರಿಯೆಮ್ ಮುಂದೆ ಯಾರೂ ಹತ್ತಿ ಎನ್ನುವಂತಿರಲಿಲ್ಲ.

*

ಆ ರುಸ್ಮಿನಿಯೇ ಈಗ ಗೇಟು ತೆಗೆದು ಒಳಗೆ ಬಂದಳು, ಸಾವಿನ ಮನೆಗೆ ತರಬೇಕಾದ ಅಕ್ಕಿಯ ಬೋಗುಣಿಯನ್ನು ಕಂಕುಳಲ್ಲಿಟ್ಟುಕೊಂಡು. ಹೂ ಕಟ್ಟುತ್ತಿದ್ದವರ ಬಾಯಿ ಕಟ್ಟಿತು. ಕೂದಲು ಪೂರ್ತಿ ಬೆಳ್ಳಗಾಗಿದ್ದರೂ ಬೆನ್ನು ಇನ್ನೂ ನೆಟ್ಟಗಿತ್ತು, ಮತ್ತು ಸಾರಿಯೆಮ್‌ಗೆ ಮೊದಲು ಚುಚ್ಚಿದ್ದು ಆ ಬೆನ್ನೇ. ಬೋಗುಣಿ ಖಾಲಿ ಮಾಡಿಕೊಡುವ ನೆಪದಲ್ಲಿ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಅಲ್ಲಾದರೂ ಹತ್ತು ಜೊತೆ ಕಣ್ಣು ಇರುವುದಿಲ್ಲ.

"ಹಲಗೆ ಹೊರಗಿಡಲ್ಲ ಅಂದ್ರಂತೆ, ಓಣೀಲಿ ಮುಖಂಡರು ಹೇಳಿದ್ರು," ಎಂದಳು ರುಸ್ಮಿನಿ. "ಇಡಿ ಅಕ್ಕ. ಅದ್ರಲ್ಲಿ ನನ್ನದೇನೂ ಇಲ್ಲ."

"ನಿನ್ನದು ಅಂತ ಯಾರು ಅಂದ್ರು?"

"ಊರೇ ಅಂತು. ನಾನೂ ನಂಬಿದೆ. ಎಷ್ಟೋ ದಿನ ಆ ಕಚೇರಿ ಗೇಟಿನ ಮುಂದೆ ನಿಜವಾದ ರಾಣಿ ಥರಾನೇ ಓಡಾಡಿದೆ." ಅವಳು ಒಲೆಯ ಕಡೆ ನೋಡಿಕೊಂಡು ಹೇಳಿದಳು. "ಆಮೇಲೆ ಅವರು ಪರದೆ ಬರೆಯೋಕೆ ಬಂದಾಗ ಕೇಳೇಬಿಟ್ಟೆ, ಅದು ನನ್ನ ಹೂವಾ ಅಂತ. ಬ್ರಷ್ಷು ಕೂಡ ಕೆಳಗಿಡಲಿಲ್ಲ ಅವರು. ಹತ್ತಿ ಕಣಮ್ಮ, ನಮ್ಮ ಸಾರಿಯೆಮ್‌ಗೂ ಇದೇ ಹೇಳಿ ಹೇಳಿ ಸಾಕಾಗಿದೆ ಅಂದ್ರು. ನಮ್ಮ ಸಾರಿಯೆಮ್ ಅಂದ್ರು. ನನ್ನ ಹೊಟ್ಟೆಗೆ ಕೆಂಡ ಹಾಕಿದಂಗಾಯ್ತು. ಇಷ್ಟು ವರ್ಷ ಆ ಗೇಟಿನ ಕಡೆ ತಲೆ ಎತ್ತಿಲ್ಲ ನಾನು. ನಿಜ ಹೇಳ್ಬೇಕಂದ್ರೆ ಅಕ್ಕ, ನಿಮ್ಮನ್ನ ಕಂಡ್ರೆ ನನಗೆ ಇವತ್ತಿಗೂ ಆಗಲ್ಲ."

ಸಾರಿಯೆಮ್ ಕಾಫಿ ಬಗ್ಗಿಸಿ, ತನ್ನ ಮನೆಯಲ್ಲಿ ಯಾವ ನೆಂಟರಿಗೂ ಹಾಕದಷ್ಟು ಸಕ್ಕರೆ ಹಾಕಿ ಮುಂದಿಟ್ಟಳು. ತನ್ನನ್ನು ನೋಡಿ ಹೊಟ್ಟೆಕಿಚ್ಚುಪಟ್ಟವಳೂ ಒಬ್ಬಳಿದ್ದಳು, ಅದೂ ಈ ರಾಣಿ! ಗಂಡನ ಹೆಣ ಅಂಗಳದಲ್ಲಿರುವಾಗ ಇಂಥ ಸಂತೋಷವಾಗಬಾರದು. ಆದರೆ ಆಯಿತು. ಹಲಗೆ ಸಂಜೆ ಹಜಾರದಲ್ಲಿರುತ್ತದೆ ಎಂದು ಮುಖಂಡನಿಗೆ ತಿಳಿಸಲು ಪುರ್ವಾಂತಿಯನ್ನು ಕಳಿಸಿದಳು. ಮಿಕ್ಕ ಸಂಪಿಗೆಗಳನ್ನು ಸರಕ್ಕೆ ಸೇರಿಸಬಹುದೆಂದು ತುಮಿಯಾಗೆ ಅಪ್ಪಣೆಯನ್ನೂ ಕೊಟ್ಟಳು. ತುಮಿಯಾ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವಳ ಮುಖ ನೋಡಿದಳು.

ಚಟ್ಟವನ್ನು ಹೆಗಲಿಗೆತ್ತಿದರು. ಶವಸಂಸ್ಕಾರ ನಡೆಸಿಕೊಡಲು ಮಸೀದಿಯಿಂದ ಬಂದಿದ್ದ ಮೋದಿನ್, ಇಲ್ಲಿ ಮಲಗಿದವರು ಒಳ್ಳೆಯವರೇ ಎಂದು ವಾಡಿಕೆಯಂತೆ ನೆರೆದವರನ್ನು ಕೇಳಿದ. ಒಳ್ಳೆಯವರು ಎಂದಿತು ಜನ. ಸಾರಿಯೆಮ್‌ಳ ದನಿ ಎಲ್ಲರಿಗಿಂತ ಮೇಲಿತ್ತು. ಆಮೇಲೆ ಎತ್ತಿ ಹಿಡಿದ ಚಟ್ಟದ ಕೆಳಗೆ ಮನೆಯವರು ಮಾತ್ರ ನುಸುಳಿ ಹಾಯಬೇಕು, ಸತ್ತವರನ್ನು ಬೀಳ್ಕೊಡುವ ಪದ್ಧತಿ ಅದು. ಮಗಳ ಕೈ ಹಿಡಿದು ಮೂರು ಸಲ ಹಾದಳು. ಹಾಯುವಾಗಲೆಲ್ಲ, ದೂರದಲ್ಲಿ ಮಾವಿನ ಮರಕ್ಕೆ ಒರಗಿ ನಿಂತ ರುಸ್ಮಿನಿ ಕಂಡಳು. ಅವಳಿಗೆ ಇದರ ಕೆಳಗೆ ಜಾಗವಿರಲಿಲ್ಲ. ಪಾಪ ಎನ್ನಿಸಿತು ಸಾರಿಯೆಮ್‌ಗೆ. ಗೆದ್ದವರಿಗೆ ಮಾತ್ರ ಬರುವ ಥರದ ಕನಿಕರ.

*

ಗಂಡಸರು ಸ್ಮಶಾನದ ಕಡೆ ಹೋದರು. ಹೆಂಗಸರು ಅಂಗಳ ಗುಡಿಸತೊಡಗಿದರು. ಸಾರಿಯೆಮ್ ಒಬ್ಬಳೇ ಕೋಣೆಗೆ ಹೋಗಿ, ಬೀರುವಿಗೆ ಭುಜ ಕೊಟ್ಟು ತಳ್ಳಿ, ಹಲಗೆಯನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಸೆರಗಿನಿಂದ ಧೂಳು ಒರೆಸಿದಳು. ಬೆಟ್ಟ ಬಂತು, ನದಿ ಬಂತು, ಭತ್ತದ ತೆನೆ ಬಂತು. ಬಣ್ಣ ಮಾಸಿರಲಿಲ್ಲ. ಒಳ್ಳೆಯ ಕೈ ಎಂದುಕೊಂಡಳು. ಬದುಕಿದ್ದಾಗ ಒಂದು ಸಲವೂ ಅವನಿಗೆ ಹಾಗೆ ಹೇಳಿರಲಿಲ್ಲ. ಆಗ ಅಳು ಬಂತು.

ಅಳುತ್ತಲೇ ಇನ್ನೊಂದು ಬದಿಯನ್ನೂ ಒರೆಸಿದಳು. ಹೆಣದ ಸ್ನಾನಕ್ಕೆ ತಂದ ಹತ್ತಿಯ ಸುರುಳಿ ಕಿಟಕಿಯಲ್ಲೇ ಉಳಿದಿತ್ತು. ಒಂದು ಚೂರು ಕಿತ್ತು ಚಿತ್ರದ ಪಕ್ಕಕ್ಕೆ ಹಿಡಿದಳು. ಬರಿಯ ಉಂಡೆ. ಚಿತ್ರದಲ್ಲಿ ಎಸಳುಗಳಿದ್ದವು, ತೆಳ್ಳಗೆ, ಉದ್ದಕ್ಕೆ, ತುದಿ ಒಳಗೆ ಬಾಗಿ. ಸಾರಿಯೆಮ್ ಹೊರಗೆ ಹೋಗಿ ಬೆಂಚಿನ ಕೆಳಗಿನಿಂದ ಒಂದು ಸಂಪಿಗೆ ತಂದಳು. ಅದನ್ನು ಹಲಗೆಗೆ ಒತ್ತಿ ಹಿಡಿದಾಗ ಯಾವುದು ಬರೆದದ್ದು, ಯಾವುದು ಮರದಲ್ಲಿ ಅರಳಿದ್ದು ಎಂದು ಹೇಳುವಂತಿರಲಿಲ್ಲ. ಎಲ್ಲಕ್ಕಿಂತ ಮೇಲಿನ ಹೂವಿನ ತೊಟ್ಟಿಗೆ ಅಡ್ಡವಾಗಿ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಯಿತ್ತು. ನಕಲು ಮಾಡಿದ ಯಾರೂ ಅದನ್ನು ಬರೆದಿರಲಿಲ್ಲ, ಕಲೆ ಎಂದುಕೊಂಡಿರಬೇಕು. ಅವಳು ಹತ್ತಿರ ಬಗ್ಗಿ ನೋಡಿದಳು. ಪಿನ್ನು.

ಇಬ್ಬರಿಗೂ ಸುಳ್ಳು ಹೇಳಿದ್ದ. ಬ್ರಷ್ಷು ಕೆಳಗಿಡದೆ.

ಹೊಸ್ತಿಲಿನ ಆಚೆ ಬೋಗುಣಿಯ ಸದ್ದಾಯಿತು. ಸಾರಿಯೆಮ್ ಸಂಪಿಗೆಯನ್ನು ಮುಷ್ಟಿಯಲ್ಲಿ ಅಡಗಿಸಿ, ಹಲಗೆಯನ್ನು ಗೋಡೆಗೆ ತಿರುಗಿಸಿ, ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು.

"ಹೊರಟೆ ಅಕ್ಕ," ಎಂದಳು ರುಸ್ಮಿನಿ, ಬಾಗಿಲಲ್ಲಿ ನಿಂತು. ಹೊರಡಲಿಲ್ಲ. ಕಣ್ಣು ಹಲಗೆಯ ಬೆನ್ನಿನ ಮೇಲಿತ್ತು. "ನೋಡಿದ್ರಾ?"

"ನೋಡ್ದೆ."

"ಏನು?"

"ನೀನು ಹೇಳಿದ್ದೇ ಸರಿ. ಹತ್ತಿ."

ರುಸ್ಮಿನಿ ತಲೆಯಾಡಿಸಿದಳು. ಅಷ್ಟು ಹೊತ್ತು ನೆಟ್ಟಗಿದ್ದ ಅವಳ ಬೆನ್ನು ಸ್ವಲ್ಪ ಬಾಗಿತು. ಆದರೂ ಬಾಗಿಲು ಬಿಡದೆ, ಮೂಗರಳಿಸಿ ಕೋಣೆಯ ಸುತ್ತ ನೋಡಿದಳು. ಸಾರಿಯೆಮ್ ಮುಷ್ಟಿಯನ್ನು ಇನ್ನಷ್ಟು ಬಿಗಿ ಹಿಡಿದಳು. ಬಿಗಿ ಹಿಡಿದಷ್ಟೂ ಸಂಪಿಗೆಯ ವಾಸನೆ ಬೆರಳ ಸಂದಿಯಿಂದ ಹೊರಗೆ ಬರುತ್ತಿತ್ತು.