ನಿದ್ದೆ ಸೂಜಿ

"ಬಾಗಿಲಾಚೆ ನಿಂತ್ಕೊಂಡು ಬೊಗಳು. ನೆಲ ಒರೆಸೋ ಲೌಡಿಗೆ ಕುರ್ಚಿ ಬೇರೆ ಹಾಕಿಸ್ಬೇಕಾ?" ಎಂದರು ದೊಡ್ಡ ಡಾಕ್ಟ್ರು.

ನಾನು ಕುರ್ಚಿ ಕೇಳಿರಲಿಲ್ಲ. ನಮ್ಮಕ್ಕ ಹೇಗೆ ಸತ್ತಳು ಎಂದು ಕೇಳಿದ್ದೆ.

"ಹಾರ್ಟ್ ನಿಂತೋಯ್ತು. ಬರ್ದು ಕೊಟ್ಟಿದೀವಲ್ಲ."

"ಕಾಲು ಮುರ್ಕೊಂಡು ಬಂದೋಳು ಸ್ವಾಮಿ ಅವ್ಳು. ಸೋಮವಾರ ಮನೆಗ್ ಕಳಿಸ್ತೀವಿ ಅಂದಿದ್ರಿ. ಸಣ್ ಡಾಕ್ಟ್ರು ಅದೇನೋ ಸೂಜಿ ಹಾಕಿದ್ಮೇಲೇನೇ..."

"ಹಾಕು ಅಂತ ಕೇಳಿದ್ದು ಯಾರು?" ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಅವನ ಕಾಲಿಗೆ ಬಿದ್ದೋಳು ನೀನೇ ಅಂತಲ್ಲ. ಇಡೀ ವಾರ್ಡ್ ನೋಡಿದೆ. ಪೊಲೀಸ್ರ ಹತ್ರ ಹೋಗ್ತೀಯಾ? ಹೋಗು. ಮೊದ್ಲು ಒಳಗೆ ಹಾಕೋದು ನಿನ್ನನ್ನೇ. ಈಗ ನಡಿ, ಹದಿನಾಲ್ಕನೇ ಬೆಡ್ಡಿನ ಮುದುಕಿ ವಾಂತಿ ಮಾಡ್ಕೊಂಡಿದಾಳೆ, ಒರ್ಸು."

ಹೌದು, ಕಾಲಿಗೆ ಬಿದ್ದವಳು ನಾನೇ. ಅದನ್ನು ಉಗುಳಲಾರೆ, ನುಂಗಲಾರೆ.

ಸಣ್ಣ ಡಾಕ್ಟ್ರು ಅಂದರೆ ಡಾಕ್ಟರೇನಲ್ಲ, ನಮ್ಮ ಪುಕ್ಕಟೆ ವಾರ್ಡಿನ ಗಂಡು ನರ್ಸು. ಮಾತು ಮೆತ್ತಗೆ, ಕೈ ಇನ್ನೂ ಮೆತ್ತಗೆ. ಅದಕ್ಕೇ ರೋಗಿಗಳು ಆ ಹೆಸರಿಟ್ಟಿದ್ದರು. ಇಡೀ ಆಸ್ಪತ್ರೆಯಲ್ಲಿ ನನ್ನನ್ನು 'ಅಮ್ಮಾ' ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಹಗಲೂ ರಾತ್ರಿ ಅರಚುವವರು, ಹಾಸಿಗೆಯಲ್ಲೇ ಎಲ್ಲ ಮಾಡಿಕೊಳ್ಳುವವರು, ನೋಡಲು ಒಂದು ನರಪಿಳ್ಳೆಯೂ ಬಾರದವರು, ಅಂಥವರ ಹತ್ತಿರ ಮಧ್ಯಾಹ್ನ ಊಟದ ಹೊತ್ತಿಗೆ ಸೂಜಿಯ ತಟ್ಟೆ ಹಿಡಿದು ಬರುತ್ತಿದ್ದ. "ಅಮ್ಮಾ, ಸ್ವಲ್ಪ ಕೈ ಹಿಡ್ಕೋ" ಎನ್ನುತ್ತಿದ್ದ. ಹಿಡಿದುಕೊಳ್ಳುತ್ತಿದ್ದೆ. ಎರಡು ನಿಮಿಷದಲ್ಲಿ ಅರಚಾಟ ನಿಲ್ಲುತ್ತಿತ್ತು. ಸಂಜೆಯೊಳಗೆ ಹೋಗಿಬಿಡುತ್ತಿದ್ದರು. ವಯಸ್ಸಾದವರು, ಹೇಗೂ ಹೋಗುವವರು, ಕೊನೆಗಾಲದಲ್ಲಾದರೂ ಕಣ್ತುಂಬ ನಿದ್ದೆ ಮಾಡಿದರಲ್ಲ ಎಂದುಕೊಳ್ಳುತ್ತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಅಕ್ಕ ಗಾರೆ ಕೆಲಸದವಳು. ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡಳು. "ಜೀವಮಾನ ಪೂರ್ತಿ ಗೋಡೆಗೆ ಗಾರೆ ಹಚ್ದೆ, ಈಗ ನಂಗೇ ಹಚ್ಬಿಟ್ರು ನೋಡೇ" ಎಂದು ಕಾಲಿನ ಪ್ಲಾಸ್ಟರ್ ಕಟ್ಟು ತೋರಿಸಿ ಪಕ್ಕದ ಬೆಡ್ಡಿನವಳನ್ನೂ ನಗಿಸಿದ್ದಳು. ಆದರೆ ಮೂರು ದಿನ ರೆಪ್ಪೆ ಮುಚ್ಚಲಿಲ್ಲ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಹಲ್ಲು ಕಚ್ಚಿಕೊಂಡು ಬೆವರುತ್ತಿದ್ದರೆ ನೋಡಿಕೊಂಡಿರಲಾಗಲಿಲ್ಲ. ಸಣ್ಣ ಡಾಕ್ಟ್ರಿಗೆ, ಆ ಸೂಜಿ ಇವಳಿಗೂ ಹಾಕು ಎಂದೆ. "ಅದು ಎಲ್ರಿಗೂ ಅಲ್ಲಮ್ಮಾ" ಎಂದು ನಕ್ಕ. ಕಾಲು ಹಿಡಿದುಕೊಂಡೆ. ಒಂದು ಗಳಿಗೆ ನನ್ನನ್ನೇ ನೋಡಿದ. "ಆಯ್ತು. ನೀನೇ ಕೇಳ್ತಿದೀಯ" ಎಂದ.

ಅಕ್ಕನ ಕೈಯನ್ನೂ ನಾನೇ ಹಿಡಿದಿದ್ದೆ. "ಹಾಯಾಗಿದೆ ಕಣೇ. ಹೋಗು, ನೀನೂ ಊಟ ಮಾಡು" ಎಂದಳು. ಮಾಡಿದೆ. ಹೊಟ್ಟೆ ತುಂಬ ಮಾಡಿದೆ. ಸಂಜೆಗೆ ಅವಳೂ ಹೋಗಿಬಿಟ್ಟಿದ್ದಳು. ಮೈ ತೊಳೆಯುವಾಗ ನನಗೆ ಹೊಳೆಯಿತು. ಕಾಲು ಮುರಿದರೆ ಯಾರಾದರೂ ಸಾಯುತ್ತಾರೆಯೇ? ಅವನಿಗಾಗಿ ನಾನು ಕೈ ಹಿಡಿದವರಲ್ಲಿ ಒಬ್ಬರೂ ಮತ್ತೆ ಕಣ್ಣು ಬಿಟ್ಟಿರಲಿಲ್ಲ.

ದೊಡ್ಡ ಡಾಕ್ಟ್ರ ಬಾಗಿಲಿನಿಂದ ಬಕೆಟ್ ಎತ್ತಿಕೊಂಡು ವಾರ್ಡಿಗೆ ಬಂದೆ. ಎಲ್ಲರೂ ಊಟಕ್ಕೆ ಕೂತಿದ್ದರು. ಹದಿನಾಲ್ಕನೇ ಬೆಡ್ಡಿನ ಮುದುಕಿ ವಾಂತಿಯಲ್ಲೇ ಹೊರಳಾಡುತ್ತ ನೀರು, ನೀರು ಎಂದು ಕೂಗುತ್ತಿದ್ದಳು. ಅವಳ ತಲೆಯ ಹತ್ತಿರ ಸಣ್ಣ ಡಾಕ್ಟ್ರು ತಟ್ಟೆ ಹಿಡಿದು ನಿಂತಿದ್ದ.

"ಬಾಮ್ಮಾ, ನಿನ್ನನ್ನೇ ಕಾಯ್ತಿದ್ದೆ" ಎಂದ.

ಬಕೆಟ್ ಕೆಳಗಿಟ್ಟು ಇಬ್ಬರ ನಡುವೆ ಮಂಚದ ಮೇಲೆ ಕೂತುಬಿಟ್ಟೆ. ಬಟ್ಟೆಗೆಲ್ಲ ವಾಂತಿ ಹತ್ತಿತು. ತೋಳು ಮೇಲಕ್ಕೆ ಸರಿಸಿ ಕೈ ಚಾಚಿದೆ.

"ನಂಗ್ ಹಾಕಣ್ಣ. ಅಕ್ಕ ಹೋದಾಗಿಂದ ನಿದ್ದೆ ಬಂದಿಲ್ಲ."

"ತಲೆ ಕೆಟ್ಟಿದ್ಯಾ? ಏಳು."

"ಬರೀ ನಿದ್ದೆ ಸೂಜಿ ತಾನೇ? ಹಾಕು."

ಅವನು ತಟ್ಟೆಯ ಮೇಲೆ ಬಟ್ಟೆ ಮುಚ್ಚಿ ಒಂದು ಹೆಜ್ಜೆ ಹಿಂದೆ ಸರಿದ.

"ಯಾಕೋ ಬೋಳಿಮಗ್ನೇ" ಎಂದೆ. "ನನ್ ಕೈ ಹಿಡ್ಕೊಳ್ಳೋಕೆ ಯಾರೂ ಇಲ್ಲ ಅಂತಾನಾ?"

ಊಟ ಮಾಡುತ್ತಿದ್ದವರ ಕೈ ನಿಂತಿತು. ಅವನು ಬಾಗಿಲ ಕಡೆ ತಿರುಗಿದ. ನಾನು ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಇಷ್ಟು ವರ್ಷದಲ್ಲಿ ಆ ವಾರ್ಡಿನಲ್ಲಿ ನನ್ನ ದನಿ ಯಾರೂ ಕೇಳಿರಲಿಲ್ಲ. ನನಗೇ ಅದರ ಗುರುತು ಸಿಗಲಿಲ್ಲ.

"ಪೊಲೀಸ್ರನ್ನ ಕರೀರಿ" ಎಂದು ಕೂಗಿದೆ. "ನಮ್ಮಕ್ಕನ್ನ ಸಾಯಿಸ್ದೋನು ಇವ್ನು. ಅವ್ಳ ಕೈ ಹಿಡ್ಕೊಂಡೋಳು ನಾನು. ಇಬ್ರನ್ನೂ ಎಳ್ಕೊಂಡ್ ಹೋಗ್ಲಿ."